ಕರಡಿಯ ಬೂಟು

ಲೋಟದ ತಳ ಮೇಜಿನ ಮೇಲೆ ಒದ್ದೆ ಉಂಗುರ ಬಿಟ್ಟಿದೆ, ಒರೆಸಬೇಕು ಅಂದುಕೊಂಡಳು, ಒರೆಸಲಿಲ್ಲ, ಕಿವಿಯಲ್ಲಿ ಇನ್ನೂ ನಿರ್ದೇಶಕರ ದನಿ — ಅಲ್ಲಮ್ಮ, ಪುಸ್ತಕ ಎರಡು ಸಲ ತಿರುವಿಹಾಕ್ದೆ, ಕೊನೇಲಿ ಕರಡಿ ವಾಪಸ್ ಬರೋದೇ ಇಲ್ವಲ್ಲ, ಅದಕ್ಕೆ ಬೂಟು ಹಾಕ್ಸಿದ್ದು ಯಾರು — ನಕ್ಕರು, ಆಮೇಲೆ ದನಿ ತಗ್ಗಿಸಿ, ನೀನು ಬರೆದಿರೋ ದೃಶ್ಯ ಚೆನ್ನಾಗಿದೆ, ಅದೇ ಕಷ್ಟ, ಆದ್ರೆ ಧಾರಾವಾಹಿಲಿ ಪುಸ್ತಕದಲ್ಲಿಲ್ಲದ್ದು ಬಂದ್ರೆ ಹಕ್ಕು ಕೊಡಲ್ಲ ಅಂತಾನೆ ಲೇಖಕಿ ಮಗ, ಸಂಜೆಯೊಳಗೆ ತೆಗೆದು ಕಳಿಸಿಬಿಡು. ಹೂಂ ಸರ್. ಗಂಡ ಹೋದ ಮೇಲೆ ಯಾರು ಏನಂದರೂ ಅವಳ ಬಾಯಿಂದ ಬರುವುದು ಹೂಂ ಒಂದೇ. ಆದರೆ ಇಲ್ಲದ್ದು ಹೇಗಾದೀತು, ಪಾತ್ರೆ ತೊಳೆಯುತ್ತಾ ಎಷ್ಟು ಸಲ ಕೇಳಿಸಿಕೊಂಡಿದ್ದಾಳೆ, ಪಕ್ಕದ ಕೋಣೆಯಲ್ಲಿ ಅವನು ಮಗಳಿಗೆ ಓದುತ್ತಿದ್ದ — ಹಿಮದಾಚೆ ಹೋದ ಕರಡಿ ವಾಪಸ್ ಬಂತು, ಬಾಗಿಲ ಹೊರಗೆ ಒದ್ದೆ ಬೂಟು ಬಿಚ್ಚಿಟ್ಟು, ಪುಟ್ಟಿಗೆ ಎಚ್ಚರ ಆಗದ ಹಾಗೆ ಮೆಲ್ಲಗೆ ಒಳಗೆ ಬಂತು — ಅವಳು ತಾನಾಗಿ ಓದಿದ್ದು ಎಂದೋ ಕಾಲೇಜಿನಲ್ಲಿ, ಬರೆಯಲು ಕುಳಿತಾಗ ಕೈ ಬರೆದದ್ದು ಕಿವಿ ಕೇಳಿದ್ದನ್ನೇ. ಕಪಾಟಿನಿಂದ ಪುಸ್ತಕ ತೆಗೆದಳು, ಕೊನೆಯ ಪುಟ, ಕರಡಿ ಬರಿಗಾಲಲ್ಲಿ ಹಿಮದೊಳಗೆ ನಡೆದುಹೋಗುತ್ತದೆ, ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಅಷ್ಟೇ, ಆಮೇಲೆ ಒಂದು ಖಾಲಿ ಹಾಳೆ. ಕಳ್ಳ, ಅಷ್ಟು ದಿನ ಓದಿದ್ದು ಈ ಖಾಲಿ ಹಾಳೆಯನ್ನು, ಮಗುಚುವ ಸದ್ದು ಕೂಡ ಮಾಡುತ್ತಿದ್ದ — ಮಳೆಯಲ್ಲಿ ಕರೆಂಟಿನ ಕಂಬ ಹತ್ತಿ ಇಳಿದು ಬಂದವನು, ಬೂಟು ಹೊರಗೇ ಬಿಟ್ಟು, ತಲೆ ಒರೆಸಿಕೊಳ್ಳುವ ಮೊದಲೇ ಪುಸ್ತಕ ಹಿಡಿದವನು. ಆ ಬೂಟು ಈಗಲೂ ಬಾಗಿಲ ಬಳಿ ಇದೆ, ಒಣಗಿ ಮರಗಟ್ಟಿದೆ, ಯಾರಿಗಾದ್ರೂ ಕೊಟ್ಟುಬಿಡೇ, ಚರ್ಮ ಬಿರೀತಾ ಇದೆ ಅಂದಿದ್ದರು ಅತ್ತೆ, ಹೂಂ ಅಂದಿದ್ದಳು, ಕೊಡಲಿಲ್ಲ. ಬೆಳಿಗ್ಗೆ ಶಾಲೆಯ ಚೀಲ ಹೆಗಲಿಗೇರಿಸುತ್ತಾ ಮಗಳು, ಟೀವೀಲೂ ಕರಡಿ ವಾಪಸ್ ಬರತ್ತೆ ತಾನೆ ಅಮ್ಮ, ನೀನೇ ತಾನೆ ಬರೀತಿರೋದು — ಅದಕ್ಕೂ ಹೂಂ. ಎರಡು ಹೂಂ, ಒಂದು ಸುಳ್ಳಾಗಲೇಬೇಕು. ಕಂಪ್ಯೂಟರಿನ ಮುಂದೆ ಕುಳಿತಳು, ಕರಡಿ ಬಾಗಿಲು ತಳ್ಳುವುದನ್ನು ಅಳಿಸಿದಳು, ಒಳಗೆ ಬರುವುದನ್ನು ಅಳಿಸಿದಳು, ನಿದ್ದೆಯಲ್ಲಿ ಹುಡುಗಿ ಮಗ್ಗುಲು ಬದಲಿಸುವುದನ್ನೂ, ಸೊಪ್ಪು ಬಿಡಿಸಿದ ಹಾಗೆ ಒಂದೊಂದೇ — ಒಂದು ಸಾಲು ಉಳಿಯಿತು, ಬೆರಳು ಅಳಿಸುವ ಕೀಲಿಯ ಮೇಲೇ ಇದೆ, ಒತ್ತುತ್ತಿಲ್ಲ, ಇದಕ್ಕೆ ಮಾತ್ರ ಹೂಂ ಬರುತ್ತಿಲ್ಲ — ಮುಚ್ಚಿದ ಬಾಗಿಲು, ಹೊರಗೆ ಒಂದು ಜೊತೆ ಬೂಟು, ಒದ್ದೆ, ಇನ್ನೂ ಒದ್ದೆ