ಹಿಟ್ಟಿನೊಳಗಿನ ಅಚ್ಚು

ಬೆರಳಿಗೆ ಏನೋ ಗಟ್ಟಿಯಾದದ್ದು ತಗುಲಿತು, ಹಿಟ್ಟಿನ ಚೀಲದ ತಳದಲ್ಲಿ, ದುಂಡಗೆ — ಕಲ್ಲಿರಬೇಕು, ಭೂಕಂಪವಾಗಿ ಎರಡು ವಾರ, ಹಾಸಿಗೆಯಲ್ಲೂ ಕಲ್ಲು, ಅನ್ನದಲ್ಲೂ ಕಲ್ಲು — ಅಲ್ಲ, ಅಫೀಫೆಯ ಹೆಬ್ಬೆರಳು ಈ ಗೀರುಗಳನ್ನು ಬಲ್ಲದು, ನಡುವೆ ಶಿಲುಬೆ, ಸುತ್ತ ಅಕ್ಷರ, ಪೂಜೆಯ ರೊಟ್ಟಿಗೆ ಒತ್ತುವ ಮರದ ಅಚ್ಚು, ಬೇರೆ ಪಾತ್ರೆಗಳ ಜೊತೆ ಇಡಬೇಡ ಮಗಳೇ, ಹಿಟ್ಟಲ್ಲೇ ಹೂತಿಡು ಅಂದಿದ್ದಳು ಅತ್ತೆ, ಮೂವತ್ತು ವರ್ಷ ಹಾಗೇ ಹೂತಿಟ್ಟಿದ್ದಾಳೆ, ಆವತ್ತು ಈ ಚೀಲವನ್ನೇ ಅವುಚಿಕೊಂಡು ಮನೆಯಿಂದ ಓಡಿ ಬಂದಿದ್ದಾಳೆ, ಆದರೂ ಈಗಷ್ಟೇ, ಅಚ್ಚು ಅಡುಗೆಮನೆಯ ಗೂಡಲ್ಲೇ ಉಳಿಯಿತು ಎಂದು ಗಂಡನನ್ನು ಆ ಬಿರುಕು ಬಿಟ್ಟ ಮನೆಗೆ ಅಟ್ಟಿದ್ದಾಳೆ, ತಲೆಗೆ ಏನು ಬಡಿದಿತ್ತೋ. ರೊಟ್ಟಿ ಮೇಲೆ ಚಾಕುವಲ್ಲಿ ಶಿಲುಬೆ ಗೀರು ಮಾರಾಯ್ತಿ, ದೇವರೇನು ಬೈತಾನಾ, ಅಂದಿದ್ದ ಗಂಡ ದಿಮ್ಯಾನ್, ಹೊರಡುವ ಮುಂಚೆ. ದೇವರು ಬೈಯಲ್ಲ, ನಾನು ಬೈತೀನಿ, ನಾಳೆ ನಮ್ಮ ಸತ್ತವರ ಹೆಸರಲ್ಲಿ ಪೂಜೆ, ಕ್ರೈಸ್ತರು ಅನ್ನೋ ಹೆಸರು ಹುಟ್ಟಿದ್ದೇ ನಮ್ಮ ಅಂತಿಯೋಕ್ಯದಲ್ಲಿ ಅಂತ ಬಂದವರ ಮುಂದೆಲ್ಲ ಜಂಬ ಕೊಚ್ಕೋತೀಯ, ಹತ್ತು ಹೆಜ್ಜೆ ಹೋಗಿ ಬರೋಕೆ ಕಾಲು ನಡುಗುತ್ತಾ? ನಕ್ಕಿದ್ದ. ಬೀಳೋದೆಲ್ಲ ಬಿದ್ದಾಯ್ತು, ಇನ್ನೇನು ಬೀಳುತ್ತೆ ಕಣೆ, ಎನ್ನುತ್ತ ಶೂ ಮೆಟ್ಟಿಕೊಂಡು ಹೊರಟಿದ್ದ.

ಸಿಕ್ತು ಕಣೋ, ವಾಪಸ್ ಬಾ — ಕೂಗಲೆಂದು ಡೇರೆಯಿಂದ ಹೊರಗೆ ಬಂದಳು, ನಗು ಬರುತ್ತಿದೆ, ಸಂಜೆವರೆಗೂ ರೇಗಿಸುತ್ತಾನೆ, ರೇಗಿಸಲಿ — ಬೀದಿಯಾಚೆ ಬಾಗಿಲಲ್ಲಿ ಬಗ್ಗಿದ್ದಾನೆ, ಏನು ಮಾಡುತ್ತಿದ್ದಾನೆ, ಶೂ ಕಳಚುತ್ತಿದ್ದಾನೆ, ಅರ್ಧ ಗೋಡೆ ಉದುರಿದ ಮನೆಗೂ ಶೂ ಕಳಚುತ್ತಿದ್ದಾನೆ, ಒರೆಸಿದ ನೆಲ ತುಳೀಬೇಡ, ಶೂ ಬಾಗಿಲಲ್ಲಿ ಬಿಡು, ಮೂವತ್ತು ವರ್ಷ ಬೈದವಳು ಅವಳೇ, ಕಳಚಿದ, ಒಳಗೆ ಹೋದ, ದಿಮ್ಯಾನ್! — ಕೇಳಿಸಲಿಲ್ಲ, ನೆಲ ಗುರುಗುಟ್ಟಿತು, ಕಾಲಡಿಯ ಮಣ್ಣು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಇಲ್ಲ, ಇನ್ನೊಂದು ಸಲ ಇಲ್ಲ, ತಾಯಿ ಮರಿಯಮ್ಮ, ಬೇಡ — ಅಫೀಫಕ್ಕ ಹೋಗಬೇಡ, ಪಕ್ಕದ ಡೇರೆಯ ನಹ್ಲಾ ಸೊಂಟ ಹಿಡಿದು ಎಳೆಯುತ್ತಾಳೆ, ಬಿಡೇ, ಅವನಿಗೆ ಹೇಳಬೇಕು ಅಷ್ಟೇ, ಅಚ್ಚು ಇಲ್ಲಿದೆ, ನನ್ನ ಕೈಯಲ್ಲೇ ಇದೆ, ಬಿಡೇ — ಧೂಳು, ಹಿಟ್ಟಿನಷ್ಟೇ ಬೆಳ್ಳಗೆ, ಬಾಯಲ್ಲಿ ಮೂಗಲ್ಲಿ, ಎಲ್ಲೋ ನಾಯಿ, ಎಲ್ಲೋ ಯಾರದೋ ಕೂಗು, ಅವಳದೇ ಇರಬೇಕು, ಧೂಳು ಇಳಿಯುತ್ತದೆ, ಮಾಳಿಗೆ ನೆಲದ ಮೇಲಿದೆ, ಅಡುಗೆಮನೆ ಯಾವುದು, ಗೂಡು ಯಾವುದು, ಎಲ್ಲಿಂದ ತೋಡಬೇಕು, ಬಾಗಿಲ ಚೌಕಟ್ಟೊಂದು ನಿಂತಿದೆ, ಹೊಸ್ತಿಲ ಮುಂದೆ ಶೂ, ಹೊರಬರುವಾಗ ಸಲೀಸಾಗಲಿ ಎಂದು ಬೀದಿಯ ಕಡೆ ತಿರುಗಿಸಿಟ್ಟ ಶೂ, ಪಕ್ಕಪಕ್ಕದಲ್ಲೇ, ಎರಡೂ.