ಸಾಹೇಬರ ಪಟರ್ ಪರೀಕ್ಷೆ

ದೂಳು ತಿಂದು ಬದುಕುವ ನಮ್ಮ ಸಿಮೆಂಟ್ ಕಾಲೊನಿಗೆ ಗಾಲ್ಫ್ ಬಂದದ್ದು ಅಣವೀರ ಸಾಹೇಬರ ಜೊತೆಗೆ. ಇಲ್ಲೇ ಹತ್ತಿರದ ಕಾಳಗಿಯಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ದೊಡ್ಡವರಾಗಿ, ಕಾರ್ಖಾನೆಯ ಮುಖ್ಯಸ್ಥರಾಗಿ ಮರಳಿದ ಈ ಮಹಾಶಯರು ಬಂದ ತಿಂಗಳೇ ಗೆಸ್ಟ್ ಹೌಸ್ ಹಿಂದೆ ಹುಲ್ಲು ಹಾಸಿಸಿ ಒಂದು ಕುಳಿ ತೋಡಿಸಿದರು. ನಮ್ಮ ನಲ್ಲಿಗಳಿಗೆ ದಿನ ಬಿಟ್ಟು ದಿನ ನೀರು, ಆ ಹುಲ್ಲಿಗೆ ಎರಡು ಹೊತ್ತೂ ನೀರು. ಇರಲಿ, ಕಾಲೊನಿಯಲ್ಲಿ ಹುಲ್ಲಿಗಾದರೂ ಮರ್ಯಾದೆ ಇದೆಯಲ್ಲ.

ನಾನು ಚಂದ್ರಕಲಾ, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ ಅವರ ಕುರ್ಚಿ ಖಾಲಿ ಬಿದ್ದಿತ್ತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರೇ: ನಾನು ಮತ್ತು ಶಹಾಬಾದಿನ ಗುರುಲಿಂಗಪ್ಪ. ಕೆಲಸ ಬಲ್ಲವಳು ನಾನು. ಸಾಹೇಬರು ಕೆಮ್ಮಿದರೆ ನೀರಿನ ಬಾಟಲಿ ಹಿಡಿದು ಓಡುವವನು ಅವನು. ಕುರ್ಚಿ ನನಗೆ ಬೇಕೇ ಬೇಕಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆ ಹೊತ್ತಿಗೆ ಸಾಹೇಬರು ಹೊಸ ಪಟರ್ ತರಿಸಿದರು. ಪಟರ್ ಎಂದರೆ ಚೆಂಡನ್ನು ಕೊನೆಗೆ ಮೆಲ್ಲಗೆ ಕುಳಿಗೆ ಉರುಳಿಸುವ ಕೋಲು. ಅದರ ಬೆಲೆಗೆ ಒಂದು ಮೋಟರ್‌ಸೈಕಲ್ ಬರುತ್ತದಂತೆ. ಕಪ್ಪು ಉಕ್ಕಿನ ತಲೆ, ಗುರಿ ಹಿಡಿಯಲು ಅದರ ನೆತ್ತಿಯ ಮೇಲೊಂದು ಬಿಳಿ ಪಟ್ಟೆ, ಚೆಂಡಿಗೆ ತಾಗುವ ಮುಖದ ತುಂಬ ಕೂದಲೆಳೆಯಂಥ ಗೀರುಗಳು. ಚಹಾದ ಹೊತ್ತಿಗೆ ನಮ್ಮಿಬ್ಬರನ್ನೂ ಕರೆಸಿ ಸಾಹೇಬರು ಭಾಷಣ ಬಿಗಿದರು.

"ನೋಡ್ರಿ, ರೊಕ್ಕ ಎಲ್ಲಾ ಈ ಗೀರಿಗೇ. ಚೆಂಡು ಜಾರಂಗಿಲ್ಲ, ಹಿಡಕೊಂಡು ಉರುಳ್ತದ. ಸಪ್ಪಳ ಸೈತ ಮೆತ್ತಗ. ಹೊಡೆದ ಕೂಡ್ಲೇ ಕೈಗೆ ಗೊತ್ತಾಗ್ತದ. ಆದ್ರ ಅದಕ್ಕ ಅಂಥಾ ಕೈ ಬೇಕು."

"ಖರೇರಿ ಸರ್, ಭಾಳ ಖರೇ," ಎಂದ ಗುರುಲಿಂಗಪ್ಪ, ಅವರ ಪ್ರತಿ ಮಾತಿನ ನಡುವೆಯೂ. ಹೀಗೆ ತಲೆಯಾಡಿಸುವವನಿಗೆ ಕೇಳಿಸಿಕೊಳ್ಳಲು ಪುರಸೊತ್ತೆಲ್ಲಿ?

"ಗುರುಲಿಂಗಪ್ಪ, ನೀವು ಕ್ವಾಲಿಟಿ ಮಂದಿ. ಇದನ್ನ ಇಟ್ಕೋರಿ. ನೋಟಕ್ಕ ಹ್ಯಾಂಗದ, ಕೈಗೆ ಹ್ಯಾಂಗ ಅನಸ್ತದ, ಚೆಂಡು ಹ್ಯಾಂಗ ಓಡ್ತದ, ಪರೀಕ್ಷಾ ಮಾಡಿ ಹೇಳ್ರಿ. ಐತವಾರ ಹೆಡ್ ಆಫೀಸಿನವ್ರು ಬರಾಕತ್ತಾರ, ಅವರ ಮುಂದ ಆಡೋದದ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿ ಯಾರ ಪಾಲಾಗುತ್ತದೆಂದು ಆಗಲೇ ಗೊತ್ತಾಗಿ ನನ್ನ ಹೊಟ್ಟೆ ಉರಿಯಿತು.

ಸಿಮೆಂಟಿನ ಮಾದರಿಗಳನ್ನು ನನ್ನ ಮೇಲೆ ಹೊರಿಸಿ ಗುರುಲಿಂಗಪ್ಪ ಪ್ರಯೋಗಾಲಯದ ನೆಲದ ಮೇಲೆ ಚೆಂಡು ಉರುಳಿಸುತ್ತ ಕೂತ. ನೋಟಕ್ಕೆ ಪಾಸಾಯಿತು, ಓಟಕ್ಕೂ ಪಾಸಾಯಿತು. ಕೊನೆಗೆ ಹೆಬ್ಬೆರಳಿನಿಂದ ಕೋಲಿನ ಮುಖ ಸವರಿ ಹುಬ್ಬು ಗಂಟಿಕ್ಕಿದ.

"ಮೇಡಂ, ಮುಟ್ಟಿ ನೋಡ್ರಿ. ಮಾರಿ ಎಷ್ಟು ಒರಟ ಅದ! ಇಷ್ಟು ರೊಕ್ಕ ತೊಗೊಂಡು ಫಿನಿಶಿಂಗ್ ಮಾಡ್ಲಾರದೇ ಕಳಿಸ್ಯಾರ!"

ಶಹಾಬಾದಿನಲ್ಲಿ ಬೆಳೆದವನ ಬುದ್ಧಿ ಇನ್ನೆಲ್ಲಿಗೆ ಹೋದೀತು? ಅದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಊರು. ಅಲ್ಲಿ ಒರಟು ಕಲ್ಲು ಅಂಗಳಕ್ಕೆ, ದನದ ಕೊಟ್ಟಿಗೆಗೆ. ಪಾಲಿಶ್ ಹೊಡೆದದ್ದು ಪಡಸಾಲೆಗೆ. ಗೀರು ಇದ್ದರೆ ಅಗ್ಗ, ನಮ್ಮ ಮುಖ ಅದರಲ್ಲಿ ಕಂಡರೆ ತುಟ್ಟಿ. ಅದೇ ಲೆಕ್ಕ ಹಾಕಿ, ಸಾಹೇಬರ ಕೋಲನ್ನು ಟವೆಲಿನಲ್ಲಿ ಸುತ್ತಿಕೊಂಡು ತನ್ನ ಊರಿನ ಬಾಬುಮಿಯಾನ ಕಲ್ಲಿನ ಪಾಲಿಶ್ ಮಷೀನಿಗೆ ಹೊರಟೇಬಿಟ್ಟ. ನಾನು ಬೇಡ ಎನ್ನಬಹುದಿತ್ತು. ಯಾಕೆ ಅನ್ನಲಿ? ಬೀಳುವವನನ್ನು ಹಿಡಿಯಲು ನಾನೇನು ಅವನ ಅಕ್ಕನೇ?

ಮರುದಿನ ತಂದು ತೋರಿಸಿದ. ಅದರಲ್ಲಿ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು.

"ಬಾಬುಮಿಯಾ ಒಂದು ಗೀರು ಸೈತ ಬಿಟ್ಟಿಲ್ರಿ," ಎಂದ.

ಭಾನುವಾರ ಹೆಡ್ ಆಫೀಸಿನವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅತಿಥಿಗಳ ಜೊತೆ ಮಾತಾಡುತ್ತಲೇ ಸಾಹೇಬರು ಕೋಲು ಇಸಿದುಕೊಂಡರು, ಅದರ ಮುಖ ನೋಡುವ ಗೋಜಿಗೇ ಹೋಗಲಿಲ್ಲ. ಮೊದಲ ಚೆಂಡು ಜಾರಿಕೊಂಡು ಕುಳಿ ದಾಟಿತು. ಎರಡನೆಯದು ಇನ್ನೂ ಮುಂದೆ ಹೋಯಿತು. ಮೂರನೆಯದು ದಾರಿ ತಪ್ಪಿಯೋ ಏನೋ ಕುಳಿಗೆ ಬಿತ್ತು. ಚಪ್ಪಾಳೆ.

"ನೋಡಿದ್ರ್ಯಾ? ಗೀರು ಚೆಂಡನ್ನ ಹ್ಯಾಂಗ ಹಿಡೀತದ! ಬ್ಯಾರೆ ಕೋಲಿನಾಗ ಈ ಹತೋಟಿ ಸಿಗಂಗಿಲ್ಲ," ಎಂದರು ಸಾಹೇಬರು.

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಗುರುಲಿಂಗಪ್ಪ ಆಗ ಸುಮ್ಮನಿದ್ದಿದ್ದರೆ ಕುರ್ಚಿ ಅವನದೇ. ಆದರೆ ಅಷ್ಟು ದೂರ ಹೋಗಿ ಮಾಡಿಸಿದ ಸೇವೆ ಸಾಹೇಬರ ಗಮನಕ್ಕೆ ಬರಲಿಲ್ಲವೆಂದರೆ ಅವನ ಜೀವ ಹ್ಯಾಗೆ ತಡೆದೀತು?

"ಸರ್, ಗೀರು ಎಲ್ಲಿ ಅದಾವ್ರಿ? ನಾ ಶಹಾಬಾದದಾಗ ಪಾಲಿಶ್ ಹೊಡಿಸಿ ಎಲ್ಲಾ ತೆಗಿಸೀನಿ. ಅದಕ್ಕೇ ಇಷ್ಟು ಛಲೋ ಓಡಾಕತ್ತದ!"

ಸಾಹೇಬರು ಕೋಲು ತಿರುಗಿಸಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಅತಿಥಿಗಳಲ್ಲಿ ಒಬ್ಬರು ಕೆಮ್ಮಿದರು, ಮತ್ತೊಬ್ಬರು ತಮ್ಮ ಬೂಟು ನೋಡಿಕೊಂಡರು. ಸಾಹೇಬರು ಹೇಗೋ ಒಂದು ನಗೆ ತಂದುಕೊಂಡರು.

"ನನಗ ಮೊದಲನೇ ಹೊಡೆತಕ್ಕೇ ಗೊತ್ತಾಗಿತ್ತು. ಇವ ತಾನಾಗಿ ಹೇಳ್ತಾನೋ ಇಲ್ಲೋ ನೋಡಬೇಕಂತ ಸುಮ್ಮನಿದ್ದೆ. ಹೌದಲ್ರಿ, ಮೇಡಂ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನೊಬ್ಬಳು ಇದ್ದೇನೆಂಬುದೇ ಮರೆತಿದ್ದ ಮನುಷ್ಯನ ಕಣ್ಣು ಈಗ ನನ್ನನ್ನು ಬೇಡುತ್ತಿತ್ತು. ನಿಜ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಇಲ್ಲ" ಎಂದಿದ್ದರೆ ಸಾಹೇಬರ ಮಾನ ಆ ಹುಲ್ಲಿನ ಮೇಲೆಯೇ ಹೋಗುತ್ತಿತ್ತು, ನನ್ನ ಕುರ್ಚಿಯೂ ಹೋಗುತ್ತಿತ್ತು.

"ಹೌದ್ರಿ ಸರ್," ಎಂದೆ. "ಮೊದಲನೇ ಚೆಂಡಿಗೇ ನೀವು ಕೋಲಿನ ಕಡೆ ಒಂಥರಾ ನೋಡಿದ್ರಿ. ಸಾಹೇಬ್ರ ಕೈಗೆ ತಿಳೀತು ಅಂತ ನಾ ಅವಾಗೇ ಅಂದ್ಕೊಂಡೆ. ಅಂಥಾ ಕೈ ಎಲ್ಲಾರಿಗೂ ಇರಂಗಿಲ್ರಿ."

ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಆಶ್ಚರ್ಯವಾಯಿತು. ಅತಿಥಿಗಳು ತಲೆದೂಗಿದರು. ಸಾಹೇಬರು ಉಸಿರು ಬಿಟ್ಟರು.

ಮುಂದಿನ ವಾರ ಆದೇಶ ನನ್ನ ಹೆಸರಿಗೆ ಬಂತು. ಗುರುಲಿಂಗಪ್ಪ ಪೇಢೆ ಹಿಡಿದು ನನ್ನ ಹೊಸ ಕೋಣೆಗೆ ಬಂದ. ಸಿಟ್ಟಿರಬಹುದೆಂದು ಮುಖ ನೋಡಿದೆ. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಹತ್ತಿರ ಬಂದು, ಕಲಿಯಲು ಬಂದವನ ಹಾಗೆ ದನಿ ತಗ್ಗಿಸಿ ಕೇಳಿದ:

"ನಾ ಇಷ್ಟು ವರ್ಷ ಸಾಹೇಬ್ರ ಹಿಂದ ಓಡಾಡೀನಿ, ನನಗ ಒಂದಿನಾನೂ ಹಿಂಗ ಮಾತಾಡಾಕ ಬಂದಿಲ್ರಿ. ಮೇಡಂ, ನೀವು ಎಲ್ಲಿ ಕಲತ್ರಿ?"