ಜಾರುಬಂಡೆಗೆ ನೆರಳು

೨೦೦೬ರ ಜುಲೈ ತಿಂಗಳ ಒಂದು ಸಂಜೆ, ಆರು ವರ್ಷದ ತನ್ವಿ ಪಾರ್ಕಿನ ಜಾರುಬಂಡೆಯ ಮೇಲೆ ಕೂತವಳೇ ಚೀರಿಕೊಂಡು ಎದ್ದಳು. ತಾಯಿ ವಸಂತಾ ಓಡಿಹೋಗಿ ಅಂಗೈ ಇಟ್ಟು ನೋಡಿದಳು. ಕಾದ ಕಾವಲಿ! ಮಗುವಿನ ತೊಡೆ ಕೆಂಪಗಾಗಿತ್ತು.

ಹ್ಯೂಸ್ಟನ್ ನಗರದ ಅಂಚಿನ ಸೈಪ್ರೆಸ್ ಎಂಬ ಊರಿನಲ್ಲಿ ಅವರ ಬಡಾವಣೆ ಎದ್ದು ಮೂರೇ ವರ್ಷ. ಬಿಲ್ಡರ್ ಇದ್ದಬದ್ದ ಮರಗಳನ್ನೆಲ್ಲ ಬೋಳಿಸಿ, ಪಾರ್ಕಿನ ಮೂಲೆಯಲ್ಲಿ ಒಂದೇ ಒಂದು ಹಳೆಯ ಓಕ್ ಉಳಿಸಿದ್ದ. ಸೆಕೆಯೋ ವರ್ಷದಿಂದ ವರ್ಷಕ್ಕೆ ಜಾಸ್ತಿ. ಬೇಸಿಗೆ ರಜೆ ಬಂತೆಂದರೆ ಮಕ್ಕಳು ಮನೆಯೊಳಗೇ ಬಂದಿ.

ವಸಂತಾ ಮನೆ ಮಾಲೀಕರ ಸಂಘದ ಮೀಟಿಂಗಿಗೆ ಹೋಗಿ, ಪಾರ್ಕಿಗೆ ಹನ್ನೆರಡು ಮರ ಬೇಕೆಂದಳು. ಅಧ್ಯಕ್ಷ ಡೇಲ್, ನಿವೃತ್ತ ಸರ್ವೇಯರ್, ಎಸಿಯ ಚಳಿಗೆ ಸ್ವೆಟರ್ ಹಾಕಿಕೊಂಡು ಕೂತಿದ್ದ. "ಬೇರು ಬಂದು ಕಾಲುದಾರಿ ಒಡೆಯುತ್ತೆ. ನೀರು ಹಾಕೋರು ಯಾರು?" ಎಂದು ಫೈಲು ಮುಚ್ಚಿಬಿಟ್ಟ.

"ಬಿಟ್ಹಾಕು ವಸಂತಾ," ಎಂದ ಗಂಡ ಹಯಗ್ರೀವ. "ಸ್ವೆಟರ್ ಹಾಕ್ಕೊಂಡೋನಿಗೆ ಸೆಕೆ ಎಲ್ಲಿ ಅರ್ಥ ಆಗುತ್ತೆ?"

ಆ ಮಾತು ವಸಂತಾಳ ತಲೆಯಲ್ಲಿ ಕೂತುಬಿಟ್ಟಿತು. ಆಗಸ್ಟ್ ಮೀಟಿಂಗನ್ನು ಪಾರ್ಕಿನಲ್ಲೇ, ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳೋಣ, ಪಾನಕ ತನ್ನದು ಎಂದು ಎಲ್ಲರಿಗೂ ಈಮೇಲ್ ಹಾಕಿದಳು. ಪಾನಕ ಎಂದರೇನೆಂದು ಯಾರಿಗೂ ಗೊತ್ತಿರಲಿಲ್ಲ. ಕುತೂಹಲಕ್ಕೇ ಸಂಘದ ಸಮಿತಿಯ ಐವರೂ ಒಪ್ಪಿದರು.

ಮೊದಲು ಬಂದ ನಾಲ್ವರು ಓಕ್ ಮರದ ಕೆಳಗೆ ಕುರ್ಚಿ ಹಾಕಿಕೊಂಡರು. ತಡವಾಗಿ ಬಂದ ಡೇಲ್‌ಗೆ ಸಿಕ್ಕಿದ್ದು ಬಿಸಿಲಲ್ಲಿದ್ದ ಕಬ್ಬಿಣದ ಬೆಂಚು. ಕೂತ, ಕೂತಷ್ಟೇ ಬೇಗ ಎದ್ದ. ಯಾರಿಗೂ ನಗು ತಡೆಯಲಾಗಲಿಲ್ಲ. ಹತ್ತು ನಿಮಿಷದಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತು. ಎರಡು ಲೋಟ ಪಾನಕ ಒಂದೇ ಗುಟುಕಿಗೆ ಇಳಿಸಿ, ನೆರಳಿನೊಳಗೆ ತೂರಿಕೊಂಡು ನಿಂತ.

"ಹನ್ನೆರಡು ಅಂದ್ರಿ ಅಲ್ವಾ?" ಎಂದ ಮುಖ ಒರೆಸಿಕೊಳ್ಳುತ್ತ. "ಕಾಲುದಾರಿಯಿಂದ ದೂರ ನೆಡೋಣ. ಆದ್ರೆ ಎರಡು ಬೇಸಿಗೆ ನೀರು ಹಾಕೋ ಜವಾಬ್ದಾರಿ ನಿಮ್ದು."

"ನಂದೇ," ಎಂದಳು ವಸಂತಾ.

ನವೆಂಬರಿನಲ್ಲಿ ಹನ್ನೆರಡು ಲೈವ್ ಓಕ್ ಸಸಿಗಳು ಪಾರ್ಕಿಗೆ ಬಂದವು. ಜೇಡಿಮಣ್ಣು ಅಗೆದು ಅಗೆದು ಹಯಗ್ರೀವನ ಅಂಗೈ ಬೊಬ್ಬೆ ಎದ್ದಿತು. ನೀರು ಹಾಕಲು ಬೀದಿಗೊಂದು ಮರದಂತೆ ಹಂಚಿಕೊಂಡರು. ಮಕ್ಕಳು ಒಂದೊಂದಕ್ಕೂ ಹೆಸರಿಟ್ಟರು.

ಚಳಿಗಾಲವೆಲ್ಲ ಹಸಿರಾಗಿಯೇ ಇದ್ದ ಸಸಿಗಳು ಮಾರ್ಚ್ ಬಂದದ್ದೇ ಹಳದಿಗೆ ತಿರುಗಿ ಎಲೆ ಉದುರಿಸತೊಡಗಿದವು. ಒಂದು ಬೆಳಿಗ್ಗೆ ಹನ್ನೆರಡೂ ಬೋಳು ಕಡ್ಡಿ! ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ವಸಂತಾ ಡೇಲ್‌ಗೇ ಫೋನ್ ಮಾಡಿದಳು. "ಎಲ್ಲಾ ಸತ್ತುಹೋದ್ವು. ನೀರು ಸರಿಯಾಗೇ ಹಾಕಿದ್ವಿ..."

ಡೇಲ್ ಮನೆಯೊಳಗಿನ ಚಪ್ಪಲಿಯಲ್ಲೇ ನಡೆದು ಬಂದ. ಒಂದು ಕೊಂಬೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದ. ತೊಗಟೆಯ ಕೆಳಗೆ ಎಳೆ ಹಸಿರು ಮಿನುಗಿತು.

"ಇಲ್ಲಿ ಹುಟ್ಟಿದೋರಿಗೆ ಮಾತ್ರ ಗೊತ್ತು ಇದು," ಎಂದ ನಗುತ್ತ. "ಲೈವ್ ಓಕ್ ಹಳೇ ಎಲೆ ಉದುರಿಸೋದೇ ವಸಂತದಲ್ಲಿ. ಒಂದು ವಾರ ತಡೀರಿ, ಚಿಗುರುತ್ತೆ."

ವಸಂತಾ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು, ಅಳುತ್ತಲೇ ನಗತೊಡಗಿದಳು. ಅಷ್ಟರಲ್ಲಿ ತನ್ವಿ ಓಡಿ ಬಂದು ತಾನೂ ಒಂದು ಕೊಂಬೆ ಕೆರೆಯುತ್ತೇನೆಂದು ಹಟ ಹಿಡಿದಳು. ಡೇಲ್ ಅವಳನ್ನು ಎತ್ತಿ ಹಿಡಿದ.